ಕತ್ತರಿಗೆ ಸಿಕ್ಕ ಮುಖಗಳು

ಕಳೆದ ಬೇಸಗೆಯ ರಜೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗ ಒಂದು ಮಧ್ಯಾಹ್ನ ನನ್ನನ್ನು ಚಂದ್ರಲೋಕಕ್ಕೆ ಕಳುಹಿಸಿಬಿಟ್ಟ. ಊಟವಾದ ಮೇಲೆ ಜಗಲಿಯ ಆರಾಮ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕುಳಿತವನು ಹಾಗೆಯೇ ತೂಕಡಿಸಿದ್ದೆ. ಬಾಯಿ ತುಸು ತೆರೆದಿತ್ತು, ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಅವನು ಆ ಭಂಗಿಯ ಫೋಟೋ ತೆಗೆದು, ಕುರ್ಚಿ ಸಮೇತ ನನ್ನನ್ನು ಕತ್ತರಿಸಿ, ಚಂದ್ರನ ನೆಲದ ಮೇಲೆ ಇಟ್ಟಿದ್ದ. ಇನ್ನೊಂದು ಚಿತ್ರದಲ್ಲಿ ನಾನು ತುಂಬಿದ ಕ್ರಿಕೆಟ್ ಮೈದಾನದಲ್ಲಿ, ಸ್ಲಿಪ್ಪಿನ ಜಾಗದಲ್ಲಿ, ಅದೇ ಕುರ್ಚಿಯಲ್ಲಿ ನಿದ್ರಿಸುತ್ತಿದ್ದೆ. ಚೆಂಡು ನನ್ನ ಕಿವಿಯ ಪಕ್ಕದಲ್ಲಿ ಹಾದುಹೋಗುತ್ತಿತ್ತು. ನನ್ನ ಮನೆಯಾಕೆ ಕೆಮ್ಮು ಬರುವಷ್ಟು ನಕ್ಕಳು. ನಾನೂ ನಕ್ಕೆ. ನಲವತ್ತು ವರ್ಷ ಮಕ್ಕಳ ಮುಂದೆ ಗಂಭೀರವದನನಾಗಿ ನಿಂತವನಿಗೆ ಇಷ್ಟು ಶಿಕ್ಷೆಯಾದರೂ ಬೇಡವೇ?

ನಗು ಮುಗಿದ ಮೇಲೆ ಮೇಷ್ಟರ ಬುದ್ಧಿ ಸುಮ್ಮನಿರಲಿಲ್ಲ. "ಇದನ್ನು ಮೊದಲು ಮಾಡಿದವರು ಯಾರು ಗೊತ್ತೇನೋ?" ಎಂದು ಕೇಳಿದೆ. "ಫೋಟೋಶಾಪ್ ಕಂಡುಹಿಡಿದವರು ಇರಬೇಕು ಅಜ್ಜ" ಎಂದ. ಅವನ ಉತ್ತರ ತಪ್ಪು ಎಂದು ಹೇಳಹೊರಟ ನಾನು ಆ ಸಂಜೆಯೆಲ್ಲ ಮಾತನಾಡಿದೆ. ಆ ಮಾತುಗಳನ್ನೇ ಇಲ್ಲಿ ಒಂದು ಕ್ರಮದಲ್ಲಿ ಬರೆದಿದ್ದೇನೆ. ಆದರೆ ಅವನಿಗೆ ಆ ದಿನ ಹೇಳದೆ ಬಿಟ್ಟ ಒಂದು ಸಂಗತಿಯೂ ಉಂಟು. ನನ್ನ ಟ್ರಂಕಿನ ತಳದಲ್ಲಿರುವ ಒಂದು ಹಳೆಯ ಫೋಟೋದ ವಿಷಯ ಅದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಒಂದರ ತಲೆಯನ್ನು ಇನ್ನೊಂದರ ಮೈಗೆ ಜೋಡಿಸುವ ಕಲ್ಪನೆ ನಮ್ಮ ಪುರಾಣಗಳಿಗೆ ಹೊಸದಲ್ಲ. ಗಣಪತಿಗೆ ಆನೆಯ ಮುಖ ಬಂದುದು, ದಕ್ಷಬ್ರಹ್ಮನಿಗೆ ಆಡಿನ ತಲೆ ಬಂದುದು ಎಲ್ಲರೂ ಬಲ್ಲ ಕಥೆಗಳೇ. ಆದರೆ ಅವು ದೇವತೆಗಳ ಕೆಲಸ. ಮನುಷ್ಯನ ಕೈಗೆ ಈ ವಿದ್ಯೆ ಬಂದುದು ಛಾಯಾಚಿತ್ರದೊಡನೆ. 1839ರಲ್ಲಿ ಫ್ರಾನ್ಸಿನಲ್ಲಿ ಡಗೇರ್ ತನ್ನ ವಿಧಾನವನ್ನು ಲೋಕಕ್ಕೆ ಸಾರಿದ. ಅದಾಗಿ ಇಪ್ಪತ್ತು ವರ್ಷ ತುಂಬುವ ಮೊದಲೇ ಒಬ್ಬರನ್ನು ಅವರು ನಿಂತ ಜಾಗದಿಂದ ಎತ್ತಿ ಇನ್ನೊಂದು ಜಾಗದಲ್ಲಿ ನಿಲ್ಲಿಸುವ ಉಪಾಯಗಳು ಹುಟ್ಟಿಕೊಂಡವು.

ಮೊದಲ ಪ್ರಸಿದ್ಧ ಉದಾಹರಣೆ ನಗಿಸುವುದಕ್ಕಾಗಿ ಮಾಡಿದ್ದಲ್ಲ, ಬೋಧಿಸುವುದಕ್ಕಾಗಿ ಮಾಡಿದ್ದು. ಸ್ವೀಡನ್ನಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆಸ್ಕರ್ ರೇಲಾಂಡರ್ ಎಂಬಾತ 1857ರಲ್ಲಿ 'ಬದುಕಿನ ಎರಡು ದಾರಿಗಳು' ಎಂಬರ್ಥದ ಹೆಸರಿನ ದೊಡ್ಡ ಚಿತ್ರವನ್ನು ಮ್ಯಾಂಚೆಸ್ಟರಿನ ಪ್ರದರ್ಶನದಲ್ಲಿ ಇಟ್ಟ. ನಡುವೆ ಒಬ್ಬ ಮುದುಕ, ಅವನ ಎಡಬಲಗಳಲ್ಲಿ ಇಬ್ಬರು ತರುಣರು. ಒಬ್ಬ ಸದಾಚಾರದ ಕಡೆಗೆ ಹೊರಟಿದ್ದಾನೆ, ಇನ್ನೊಬ್ಬ ದುರಾಚಾರದ ಕಡೆಗೆ. ಅಷ್ಟು ಜನರನ್ನು ಒಂದೇ ಬಾರಿಗೆ ನಿಲ್ಲಿಸಿ ಚಿತ್ರ ತೆಗೆಯಲು ಅಂದಿನ ಕ್ಯಾಮೆರಾ ಸಮರ್ಥವಾಗಿರಲಿಲ್ಲ. ಆದ್ದರಿಂದ ಒಬ್ಬೊಬ್ಬರನ್ನು, ಇಬ್ಬಿಬ್ಬರನ್ನು ಬೇರೆ ಬೇರೆಯಾಗಿ ತೆಗೆದು, ಸುಮಾರು 30 ನೆಗೆಟಿವ್‌ಗಳನ್ನು ಒಂದಾದ ಮೇಲೊಂದರಂತೆ ಒಂದೇ ಚಿತ್ರದೊಳಗೆ ಮುದ್ರಿಸಿದ. ಒಂದನ್ನು ಮುದ್ರಿಸುವಾಗ ಉಳಿದ ಭಾಗಕ್ಕೆ ಬೆಳಕು ತಾಗದಂತೆ ಮುಚ್ಚಬೇಕಾಗಿತ್ತು. ವಾರಗಟ್ಟಲೆಯ ಕೆಲಸ ಅದು. ಚಿತ್ರದ ನಗ್ನತೆಯ ಬಗ್ಗೆ ಕೆಲವರು ಮುಖ ಸಿಂಡರಿಸಿದರೂ ವಿಕ್ಟೋರಿಯಾ ರಾಣಿಯೇ ಅದರ ಒಂದು ಪ್ರತಿಯನ್ನು ಕೊಂಡಳು.

ಮರುವರ್ಷ, 1858ರಲ್ಲಿ, ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್‌ಗಳನ್ನು ಕೂಡಿಸಿ, ಮನೆಯವರ ನಡುವೆ ಕೊನೆಯುಸಿರೆಳೆಯುತ್ತಿರುವ ಹುಡುಗಿಯೊಬ್ಬಳ ಚಿತ್ರವನ್ನು ರಚಿಸಿದ. ನೋಡಿದವರು ಕಳವಳಗೊಂಡರು. ಇಂಥ ಖಾಸಗಿ ದುಃಖವನ್ನು ಫೋಟೋ ತೆಗೆಯಬಹುದೇ ಎಂಬ ಆಕ್ಷೇಪ ಎದ್ದಿತು. ನಿಜವಾಗಿ ಆ ಹುಡುಗಿ ಆರೋಗ್ಯವಾಗಿಯೇ ಇದ್ದಳು! ಚಿತ್ರಕಾರ ಕುಂಚದಿಂದ ಬರೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಫೋಟೋ ಎಂದೊಡನೆ ಜನ 'ಇದು ನಡೆದದ್ದು' ಎಂದು ನಂಬುತ್ತಿದ್ದರು. ಮುಂದಿನ ಎಲ್ಲ ನಗುವಿಗೂ ಎಲ್ಲ ಮೋಸಕ್ಕೂ ಈ ನಂಬಿಕೆಯೇ ಬಂಡವಾಳವಾಯಿತು.

ಇನ್ನು ನಗುವಿನ ಕಡೆಗೆ ಬರೋಣ. 1854ರಲ್ಲಿ ಪ್ಯಾರಿಸಿನ ಡಿಸ್ದೇರಿ ಎಂಬ ಛಾಯಾಗ್ರಾಹಕ ಒಂದೇ ಫಲಕದ ಮೇಲೆ ಹಲವು ಪುಟ್ಟ ಚಿತ್ರಗಳನ್ನು ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಭೇಟಿಚೀಟಿಯ ಗಾತ್ರದ ಈ ಫೋಟೋಗಳು ಅಗ್ಗವಾದವು. 1860ರ ದಶಕದಲ್ಲಿ ಯೂರೋಪಿನ ಮನೆಮನೆಗಳಲ್ಲಿ ನೆಂಟರಿಷ್ಟರ ಇಂಥ ಫೋಟೋಗಳು ರಾಶಿಬಿದ್ದವು. ಬಿಡುವು ಬೇಕಾದಷ್ಟಿದ್ದ ಇಂಗ್ಲೆಂಡಿನ ಶ್ರೀಮಂತ ಮನೆತನದ ಹೆಂಗಸರು ಸಣ್ಣ ಕತ್ತರಿ ಹಿಡಿದು ಕುಳಿತರು. ಫೋಟೋಗಳಿಂದ ಮುಖಗಳನ್ನು ಕತ್ತರಿಸಿ, ತಾವೇ ಜಲವರ್ಣದಲ್ಲಿ ಬರೆದ ಚಿತ್ರಗಳಿಗೆ ಅಂಟಿಸತೊಡಗಿದರು. ಕೇಟ್ ಗಫ್ ಎಂಬಾಕೆ 1870ರ ದಶಕದ ಕೊನೆಯಲ್ಲಿ ರಚಿಸಿದ ಆಲ್ಬಮ್ಮಿನ ಒಂದು ಪುಟದಲ್ಲಿ ಬಾತುಕೋಳಿಗಳು ಕೊಳದಲ್ಲಿ ತೇಲುತ್ತಿವೆ. ಅವುಗಳ ಕೊರಳ ಮೇಲೆ ಇರುವುದು ಪರಿಚಿತ ಸ್ತ್ರೀಯರ ಗಂಭೀರ ಮುಖಗಳು. ಮನುಷ್ಯನ ವಂಶವನ್ನು ಕುರಿತ ಡಾರ್ವಿನ್ನನ ಗ್ರಂಥ 1871ರಲ್ಲಿ ಹೊರಬಂದು ಎಲ್ಲೆಡೆ ಚರ್ಚೆಯಾಗುತ್ತಿದ್ದ ಕಾಲವದು ಎಂಬುದನ್ನು ನೆನೆದರೆ ಆ ಬಾತುಕೋಳಿಗಳ ಕೊಂಕು ಇನ್ನಷ್ಟು ರುಚಿಸುತ್ತದೆ. ಈ ಆಲ್ಬಮ್ಮುಗಳು ಬೈಠಕ್‌ಖಾನೆಯ ಮೇಜಿನ ಮೇಲೆ ಇರುತ್ತಿದ್ದವು. ಬಂದ ಅತಿಥಿ ಪುಟ ತಿರುವಿದಾಗ ತನ್ನ ಮುಖವೇ ಬಾತುಕೋಳಿಯ ಮೇಲೆ ಇದ್ದರೆ ಏನು ಮಾಡಬೇಕು? ನನ್ನಂತೆ ನಗಬೇಕು, ಅಷ್ಟೆ. ಬಹುಕಾಲ ಮನೆತನಗಳ ಕಪಾಟುಗಳಲ್ಲಿದ್ದ ಈ ಕೃತಿಗಳಿಗೆಂದೇ 2009ರಲ್ಲಿ ಶಿಕಾಗೋದ ಕಲಾಸಂಗ್ರಹಾಲಯ ಒಂದು ಪ್ರದರ್ಶನವನ್ನು ಏರ್ಪಡಿಸಿತು.

ಗಂಡಸರೂ ಹಿಂದೆ ಬೀಳಲಿಲ್ಲ. ತಲೆಯಿಲ್ಲದ ಮನುಷ್ಯ ತನ್ನದೇ ತಲೆಯನ್ನು ತಟ್ಟೆಯಲ್ಲಿ ಹಿಡಿದಿರುವುದು, ತನ್ನ ತಲೆಗಳನ್ನು ಚೆಂಡುಗಳಂತೆ ಮೇಲಕ್ಕೆ ಎಸೆದು ಆಡುವುದು, ಒಬ್ಬನೇ ಇಬ್ಬರಾಗಿ ತನ್ನೊಡನೆ ತಾನೇ ಮಾತನಾಡುವುದು, ಇವೆಲ್ಲ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳ ಜನಪ್ರಿಯ ವಿನೋದಗಳು. 1896ರಲ್ಲಿ ವಾಲ್ಟರ್ ವುಡ್‌ಬರಿ ಎಂಬಾತ ಇಂಥ ತಂತ್ರಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳುವುದು ಹೇಗೆಂದು ಕಲಿಸುವ ಒಂದು ಪುಸ್ತಕವನ್ನೇ ನ್ಯೂಯಾರ್ಕಿನಲ್ಲಿ ಪ್ರಕಟಿಸಿದ. ಅಮೆರಿಕದ ಕ್ಯಾನ್ಸಸ್ ಪ್ರಾಂತದ ವಿಲಿಯಂ ಮಾರ್ಟಿನ್ 1908ರ ಸುಮಾರಿಗೆ ಬಂಡಿ ತುಂಬುವಷ್ಟು ದೊಡ್ಡ ಜೋಳದ ತೆನೆಗಳ ಪೋಸ್ಟ್‌ಕಾರ್ಡುಗಳನ್ನು ಮಾಡಿ ಮಾರಿದ. ಮಳೆಯನ್ನು ನೆಚ್ಚಿ ಬದುಕುತ್ತಿದ್ದ ರೈತರು ಅವನ್ನು ಕೊಂಡು ದೂರದ ಬಂಧುಗಳಿಗೆ 'ನಮ್ಮ ಕಡೆಯ ಬೆಳೆ ಹೀಗಿದೆ' ಎಂದು ಬರೆದು ಕಳುಹಿಸುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ, ನಂಬಬೇಕೆಂಬ ಉದ್ದೇಶವೂ ಇರಲಿಲ್ಲ.

ನಮ್ಮ ದೇಶದಲ್ಲಿ ಕತ್ತರಿ ಮೊದಲು ಹೋದದ್ದು ಭಕ್ತಿಯ ಕಡೆಗೆ. ರಾಜಸ್ಥಾನದ ನಾಥದ್ವಾರದಲ್ಲಿ ಶ್ರೀನಾಥಜಿಗೆ ವಿಶೇಷ ಸೇವೆ ಸಲ್ಲಿಸಿದ ಭಕ್ತರು 'ಮನೋರಥ' ಎಂಬ ಚಿತ್ರವನ್ನು ಬರೆಯಿಸಿಕೊಳ್ಳುವ ಪದ್ಧತಿಯಿತ್ತು. ದೇವರು, ಮಂಟಪ, ಭಕ್ತರ ಉಡುಗೆ ಎಲ್ಲವನ್ನೂ ಚಿತ್ರಗಾರ ಬಣ್ಣದಲ್ಲಿ ಬರೆಯುತ್ತಿದ್ದ. ಭಕ್ತರ ಮುಖಗಳನ್ನು ಮಾತ್ರ ಫೋಟೋದಿಂದ ಕತ್ತರಿಸಿ ಅಂಟಿಸಿ ಅಂಚು ಕಾಣದಂತೆ ಬಣ್ಣ ಹಚ್ಚುತ್ತಿದ್ದ. ದೇವರ ಎದುರು ನಿಂತದ್ದು ತಾನೇ ಎಂಬುದರಲ್ಲಿ ಸಂಶಯ ಉಳಿಯಬಾರದಲ್ಲ!

ನಮ್ಮೂರಿನ ಕಡೆಯ ಸ್ಟುಡಿಯೋಗಳೂ ಈ ವಿದ್ಯೆಯಲ್ಲಿ ಹಿಂದೆ ಇರಲಿಲ್ಲ. ಕತ್ತಲೆ ಕೋಣೆಯ ಪಕ್ಕದ ಸಣ್ಣ ಮೇಜಿನ ಮುಂದೆ ಒಬ್ಬರು ಕುಳಿತು, ಚೂಪಾದ ಪೆನ್ಸಿಲಿನಿಂದ ನೆಗೆಟಿವ್ ಮೇಲೆ 'ಟಚಿಂಗ್' ಮಾಡುತ್ತಿದ್ದರು. ಸಿಡುಬಿನ ಕಲೆಗಳು ಹೋಗುತ್ತಿದ್ದವು, ವರಾನ್ವೇಷಣೆಗೆ ಹೊರಟ ಹೆಣ್ಣುಮಕ್ಕಳ ಮುಖ ತಿಳಿಯಾಗುತ್ತಿತ್ತು. ಹಿರಿಯರು ತೀರಿಕೊಂಡಾಗ ಮನೆಯವರು ಯಾವುದೋ ಮದುವೆಯ ಫೋಟೋ ತರುತ್ತಿದ್ದರು. ಪಂಕ್ತಿಯ ಮೂಲೆಯಲ್ಲಿ ನಿಂತಿದ್ದ ಅಜ್ಜನನ್ನು ಅಲ್ಲಿಂದ ಬಿಡಿಸಿ, ದೊಡ್ಡದು ಮಾಡಿ, ಬದುಕಿನಲ್ಲಿ ಒಮ್ಮೆಯೂ ಹಾಕದಿದ್ದ ಕೋಟು ತೊಡಿಸಿ ಗೋಡೆಗೆ ಏರಿಸುವಂತೆ ಮಾಡಿಕೊಡುತ್ತಿದ್ದರು. ಶಾಲೆಯ ಗ್ರೂಪ್ ಫೋಟೋದ ದಿನ ಯಾರಾದರೂ ಗೈರುಹಾಜರಾಗಿದ್ದರೆ ಅವರ ಮುಖವನ್ನು ಮೊಟ್ಟೆಯಾಕಾರದಲ್ಲಿ ಕತ್ತರಿಸಿ ಚಿತ್ರದ ಮೇಲಿನ ಮೂಲೆಯಲ್ಲಿ ಕೂರಿಸುತ್ತಿದ್ದುದನ್ನು ನನ್ನ ವಯಸ್ಸಿನವರು ನೋಡಿಯೇ ಇರುತ್ತೀರಿ. ಉಳಿದವರೆಲ್ಲ ಬೆಂಚಿನ ಮೇಲೆ, ಇವನೊಬ್ಬ ಆಕಾಶದಲ್ಲಿ! ಸತ್ತವನೆಂದು ತಿಳಿದು ಮುಂದೆ ಯಾರೋ ಕೈಮುಗಿದದ್ದೂ ಉಂಟು. ಆದರೂ ನನಗೆ ಆ ಮೊಟ್ಟೆಯಾಕಾರ ಪ್ರಿಯ. ಇವನು ಆ ದಿನ ಬಂದಿರಲಿಲ್ಲ, ಆದರೆ ಇವನೂ ನಮ್ಮವನೇ ಎಂದು ಎರಡನ್ನೂ ಅದು ಮುಚ್ಚುಮರೆಯಿಲ್ಲದೆ ಹೇಳುತ್ತಿತ್ತು.

ಇಷ್ಟು ಹೇಳಿದ ಮೇಲೆ ಕತ್ತರಿಯ ಇನ್ನೊಂದು ಅಲಗನ್ನೂ ತೋರಿಸಬೇಕು.

ಮೊದಲ ಮಹಾಯುದ್ಧದ ಬಳಿಕ ಬರ್ಲಿನ್ನಿನಲ್ಲಿ ಹಾನಾ ಹೋಖ್, ಜಾನ್ ಹಾರ್ಟ್‌ಫೀಲ್ಡ್ ಮೊದಲಾದವರು ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ಆಳುವವರನ್ನು ಅಣಕಿಸಿದರು. ಹಾರ್ಟ್‌ಫೀಲ್ಡ್‌ನ ಹುಟ್ಟುಹೆಸರು ಹೆಲ್ಮುಟ್ ಹರ್ಟ್ಸ್‌ಫೆಲ್ಡ್. ಯುದ್ಧಕಾಲದಲ್ಲಿ ಜರ್ಮನಿಯಲ್ಲಿ ಹಬ್ಬಿದ್ದ ಇಂಗ್ಲಿಷರ ಮೇಲಿನ ದ್ವೇಷಕ್ಕೆ ಪ್ರತಿಭಟನೆಯಾಗಿ ತನ್ನ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡಾತ ಅವನು. 1932ರಲ್ಲಿ ಅವನು ಮಾಡಿದ ಒಂದು ಚಿತ್ರದಲ್ಲಿ ಹಿಟ್ಲರ್ ಭಾಷಣ ಮಾಡುತ್ತಿದ್ದಾನೆ. ಎದೆಯ ಭಾಗ ಎಕ್ಸ್‌ರೇಯಂತೆ ಪಾರದರ್ಶಕವಾಗಿದ್ದು ಬೆನ್ನುಮೂಳೆಯ ಜಾಗದಲ್ಲಿ ನಾಣ್ಯಗಳ ಸಾಲು ಕಾಣುತ್ತದೆ. ಮರುವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದಾಗ ನಾಜಿ ಪಡೆಯವರು ಹಾರ್ಟ್‌ಫೀಲ್ಡ್‌ನ ಮನೆಗೆ ನುಗ್ಗಿದರು. ಅವನು ತಪ್ಪಿಸಿಕೊಂಡು ಪ್ರಾಗ್ ನಗರ ಸೇರಿದ, ಅಲ್ಲಿಂದ 1938ರಲ್ಲಿ ಇಂಗ್ಲೆಂಡಿಗೆ ಹೋದ. ಒಂದು ಕತ್ತರಿ, ಒಂದು ಡಬ್ಬಿ ಅಂಟು ಹಿಡಿದವನಿಗೆ ಸರ್ವಾಧಿಕಾರಿ ಅಷ್ಟು ಹೆದರಿದ್ದ.

ಸರ್ವಾಧಿಕಾರಿಗಳ ಬಳಿಯೂ ಕತ್ತರಿ ಇತ್ತು. ಮಾಸ್ಕೋ–ವೋಲ್ಗಾ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ನಡೆಯುತ್ತಿರುವ ಫೋಟೋವೊಂದಿದೆ. ಅವನ ಪಕ್ಕದಲ್ಲಿ ಗಿಡ್ಡ ಮೈಕಟ್ಟಿನ ನಿಕೊಲಾಯ್ ಯೆಜೋವ್ ಇದ್ದ. 1936ರಿಂದ 1938ರವರೆಗೆ ಗುಪ್ತ ಪೊಲೀಸ್ ಪಡೆಯ ಮುಖ್ಯಸ್ಥನಾಗಿ ಲಕ್ಷಾಂತರ ಜನರ ಸಾವಿಗೆ ಕಾರಣನಾದವನು. 1939ರಲ್ಲಿ ಅವನೇ ಸೆರೆಯಾದ, 1940ರಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಆಮೇಲೆ ಅದೇ ಫೋಟೋ ಮತ್ತೆ ಅಚ್ಚಾದಾಗ ಯೆಜೋವ್ ಇದ್ದ ಜಾಗದಲ್ಲಿ ಕಾಲುವೆಯ ನೀರು ಮಾತ್ರ ಇತ್ತು.

ಚೆಕೊಸ್ಲೊವಾಕಿಯಾದ ಪ್ರಸಂಗವನ್ನು ಮಿಲಾನ್ ಕುಂದೇರಾ 1979ರಲ್ಲಿ ಪ್ರಕಟವಾದ ತನ್ನ ಕಾದಂಬರಿಯ ಆರಂಭದಲ್ಲಿ ಹೇಳುತ್ತಾನೆ. 1948ರ ಫೆಬ್ರವರಿಯ ಚಳಿಯಲ್ಲಿ ಪ್ರಾಗ್‌ನ ಒಂದು ಉಪ್ಪರಿಗೆಯಿಂದ ಕಮ್ಯುನಿಸ್ಟ್ ನಾಯಕ ಗೊಟ್ವಾಲ್ಡ್ ಭಾಷಣ ಮಾಡುತ್ತಿದ್ದಾಗ ಪಕ್ಕದಲ್ಲಿದ್ದ ಕ್ಲೆಮೆಂಟಿಸ್ ತನ್ನ ತುಪ್ಪಳದ ಟೋಪಿಯನ್ನು ತೆಗೆದು ಅವನ ತಲೆಗೆ ಇಟ್ಟನಂತೆ. 1952ರಲ್ಲಿ ದ್ರೋಹದ ಆರೋಪ ಹೊರಿಸಿ ಕ್ಲೆಮೆಂಟಿಸ್‌ನನ್ನು ಗಲ್ಲಿಗೇರಿಸಿದರು, ಫೋಟೋದಿಂದಲೂ ಅಳಿಸಿದರು. ಕುಂದೇರಾ ಹೇಳುವಂತೆ, ಅವನದೆಂದು ಅಲ್ಲಿ ಉಳಿದದ್ದು ಗೊಟ್ವಾಲ್ಡ್‌ನ ತಲೆಯ ಮೇಲಿದ್ದ ಆ ಟೋಪಿಯೊಂದೇ.

ಆದರೆ ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಸೋವಿಯತ್ ಕಲಾವಿದ ರೋಡ್ಚೆಂಕೋ 1934ರಲ್ಲಿ ಉಜ್ಬೆಕಿಸ್ತಾನದ ಹತ್ತು ವರ್ಷಗಳ ಸಾಧನೆಯನ್ನು ಕೊಂಡಾಡುವ ಒಂದು ಚಿತ್ರಗ್ರಂಥವನ್ನು ವಿನ್ಯಾಸಗೊಳಿಸಿದ. ಕೆಲವೇ ವರ್ಷಗಳಲ್ಲಿ ಅದರೊಳಗಿದ್ದ ನಾಯಕರಲ್ಲಿ ಹಲವರು 'ದೇಶದ್ರೋಹಿ'ಗಳಾಗಿ ಮಡಿದರು. ಅಂಥವರ ಚಿತ್ರ ಮನೆಯಲ್ಲಿದ್ದರೂ ಅಪಾಯ. ರೋಡ್ಚೆಂಕೋ ತನ್ನ ಸ್ವಂತ ಪ್ರತಿಯಲ್ಲಿ, ತಾನೇ ಅಂದವಾಗಿ ಜೋಡಿಸಿದ ಪುಟಗಳಲ್ಲಿ, ಆ ಮುಖಗಳ ಮೇಲೆ ಕಪ್ಪು ಮಸಿ ಬಳಿದ. ಸೋವಿಯತ್ ಚಿತ್ರಗಳ ತಿದ್ದುವಿಕೆಯನ್ನು ಜೀವನವಿಡೀ ಸಂಗ್ರಹಿಸಿದ ಬ್ರಿಟಿಷ್ ಸಂಗ್ರಾಹಕ ಡೇವಿಡ್ ಕಿಂಗ್ ಆ ಪ್ರತಿಯನ್ನು ಕಂಡು, 1997ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಮೂಲಕ ಲೋಕಕ್ಕೆ ತೋರಿಸಿದ. ಸರ್ಕಾರದ ಕತ್ತರಿ ಒಂದು ಬಗೆ. ಮನೆಯೊಳಗೆ, ಬಾಗಿಲು ಹಾಕಿಕೊಂಡು, ತನ್ನ ಕೈಯಿಂದಲೇ ಪರಿಚಿತರ ಮುಖ ಅಳಿಸುವುದು ಇನ್ನೊಂದು ಬಗೆ.

ಇನ್ನು ಗಣಕಯಂತ್ರದ ಕಾಲ. 1987ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿ ಥಾಮಸ್ ನೋಲ್ ತನ್ನ ಕಪ್ಪುಬಿಳುಪು ಪರದೆಯ ಮೆಕಿಂಟಾಷ್‌ನಲ್ಲಿ ಬೂದುಬಣ್ಣದ ಛಾಯೆಗಳು ಕಾಣುವಂತೆ ಮಾಡಲು ಒಂದು ಪುಟ್ಟ ತಂತ್ರಾಂಶ ಬರೆದ. ಅವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಜಾನ್ ಸಿನಿಮಾ ತಂತ್ರಚಿತ್ರಣದ ಸಂಸ್ಥೆಯಲ್ಲಿದ್ದ. ಅವನಿಗೆ ಇದರ ಬೆಲೆ ತಿಳಿಯಿತು. ಇವರ ತಂದೆಗೆ ಛಾಯಾಗ್ರಹಣದ ಹವ್ಯಾಸವಿದ್ದು ಮನೆಯಲ್ಲಿಯೇ ಕತ್ತಲೆ ಕೋಣೆ ಇತ್ತು. ಮಕ್ಕಳು ಅಲ್ಲಿ ಕಲಿತದ್ದನ್ನೇ ಯಂತ್ರಕ್ಕೆ ಕಲಿಸಿದರು. ಆ ತಂತ್ರಾಂಶವೇ ಫೋಟೋಶಾಪ್. ಅಡೋಬಿ ಸಂಸ್ಥೆ 1990ರ ಫೆಬ್ರವರಿಯಲ್ಲಿ ಅದರ ಮೊದಲ ಆವೃತ್ತಿಯನ್ನು ಹೊರತಂದಿತು. ಕೊಳ್ಳಲು ಹಣವಿಲ್ಲದವರಿಗಾಗಿ ಗಿಂಪ್ ಎಂಬ ಉಚಿತ ತಂತ್ರಾಂಶವೂ 1996ರಲ್ಲಿ ಬಂತು. ಅದನ್ನು ಆರಂಭಿಸಿದವರು ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್.

ಈ ತಂತ್ರಾಂಶಗಳ ಉಪಕರಣಗಳ ಹೆಸರುಗಳೇ ಸ್ವಾರಸ್ಯಕರ. ಮೊದಲನೆಯದು ಲ್ಯಾಸೋ, ಎಂದರೆ ದನ ಹಿಡಿಯುವ ಕುಣಿಕೆ. ಬೇಕಾದವರ ಸುತ್ತ ಕುಣಿಕೆ ಎಳೆದರೆ ಅವರು ಸಿಕ್ಕಿದರು. ಇನ್ನೊಂದು ಮಂತ್ರದಂಡ. ಅದರಿಂದ ಒಂದು ಕಡೆ ಮುಟ್ಟಿದರೆ ಅದೇ ಬಣ್ಣದ ನೆರೆಯ ಬಿಂದುಗಳೆಲ್ಲ ಒಟ್ಟಿಗೆ ಆಯ್ಕೆಯಾಗುತ್ತವೆ. ನೀಲಿ ಆಕಾಶವನ್ನು ಒಂದೇ ಏಟಿಗೆ ಹಿಡಿದು ತೆಗೆಯಬಹುದು. 1994ರಲ್ಲಿ ಪದರಗಳ ವ್ಯವಸ್ಥೆ ಬಂತು. ಕತ್ತರಿಸಿದ ಆಕೃತಿ ಗಾಜಿನ ಹಾಳೆಯ ಮೇಲಿದ್ದಂತೆ ಬೇರೆಯೇ ಇರುತ್ತದೆ. ಕೆಳಗಿನ ಚಿತ್ರ ಕೆಡುವುದಿಲ್ಲ. ಆದರೂ ಕೂದಲಿನ ಅಂಚು ಕತ್ತರಿಸುವುದು ಬಹಳ ಕಾಲ ಕಷ್ಟದ ಕೆಲಸವಾಗಿಯೇ ಉಳಿಯಿತು. ಅಂಚಿನಲ್ಲಿ ಹಳೆಯ ಹಿನ್ನೆಲೆಯ ಬಿಳಿ ಗೆರೆ ಉಳಿಯುತ್ತಿತ್ತು, ನೆರಳು ತಪ್ಪು ದಿಕ್ಕಿಗೆ ಬೀಳುತ್ತಿತ್ತು, ಇಲ್ಲವೇ ನೆರಳೇ ಇರುತ್ತಿರಲಿಲ್ಲ. ಚಿತ್ರ ನಿಜವೋ ಸುಳ್ಳೋ ಎಂದು ನೋಡುವಾಗ ಇಂದಿಗೂ ಮೊದಲು ಪರೀಕ್ಷಿಸಬೇಕಾದದ್ದು ಅಂಚು, ಬೆಳಕು ಮತ್ತು ನೆರಳು.

2011ರಲ್ಲಿ ಚೀನಾದ ಹುಯಿಲಿ ಎಂಬ ಊರಿನ ಅಧಿಕಾರಿಗಳು ಸಿಕ್ಕಿಬಿದ್ದದ್ದು ಹೀಗೆಯೇ. ಹೊಸ ರಸ್ತೆಯ ತಪಾಸಣೆಗೆ ಹೋದ ಮೂವರ ಚಿತ್ರವನ್ನು ಸರ್ಕಾರಿ ಜಾಲತಾಣದಲ್ಲಿ ಹಾಕಿದ್ದರು. ಮೂವರ ಕಾಲೂ ನೆಲಕ್ಕೆ ತಾಗಿರಲಿಲ್ಲ. ರಸ್ತೆಯ ಮೇಲೆ ತೇಲುತ್ತಿದ್ದರು! ಅವರು ತಪಾಸಣೆಗೆ ಹೋದದ್ದೇನೋ ನಿಜ. ತೆಗೆದ ಚಿತ್ರಗಳು ಸೊಗಸಾಗಿರಲಿಲ್ಲವೆಂದು ಒಂದರಿಂದ ಇನ್ನೊಂದಕ್ಕೆ ಅಂಟಿಸಿದ್ದರು. ಜನ ಬಿಡುತ್ತಾರೆಯೇ? ಆ ಮೂವರನ್ನು ಕತ್ತರಿಸಿ ಚಂದ್ರನ ಮೇಲೆ, ಡೈನೋಸಾರುಗಳ ನಡುವೆ ತಪಾಸಣೆಗೆ ಕಳುಹಿಸಿದರು. ಸ್ಥಳೀಯ ಆಡಳಿತ ಕ್ಷಮೆ ಕೇಳಬೇಕಾಯಿತು. ಸರ್ಕಾರ ಕತ್ತರಿ ಆಡಿಸಿದರೆ ಪ್ರಜೆಗಳೂ ಕತ್ತರಿಯಿಂದಲೇ ಉತ್ತರ ಕೊಡಬಲ್ಲರು ಎಂಬುದು ಸ್ಟಾಲಿನ್ನನ ಕಾಲಕ್ಕೂ ಈ ಕಾಲಕ್ಕೂ ಇರುವ ಅಂತರ.

ವಿನೋದ ಎಲ್ಲೆ ಮೀರುವುದೂ ಉಂಟು. 2001ರ ಸೆಪ್ಟೆಂಬರ್ 11ರ ದುರಂತದ ಬಳಿಕ ಒಂದು ಚಿತ್ರ ಮಿಂಚಂಚೆಯಲ್ಲಿ ಲೋಕ ಸುತ್ತಿತು. ನ್ಯೂಯಾರ್ಕಿನ ಗೋಪುರದ ನೆತ್ತಿಯಲ್ಲಿ ಪ್ರವಾಸಿಯೊಬ್ಬ ನಿಂತಿದ್ದಾನೆ, ಅವನ ಬೆನ್ನ ಹಿಂದೆ ವಿಮಾನ ಬರುತ್ತಿದೆ. ಅವಶೇಷಗಳಲ್ಲಿ ಸಿಕ್ಕ ಕ್ಯಾಮೆರಾದ ಚಿತ್ರವೆಂದು ಜನ ನಂಬಿ ನಡುಗಿದರು. ಆದರೆ ಆ ದಿನ ಹವೆ ಬೆಚ್ಚಗಿತ್ತು, ಚಿತ್ರದಲ್ಲಿದ್ದವನು ಚಳಿಗಾಲದ ಉಡುಪಿನಲ್ಲಿದ್ದ. ಅಷ್ಟು ಬೆಳಿಗ್ಗೆ ವೀಕ್ಷಣಾ ಅಟ್ಟ ತೆರೆದೂ ಇರಲಿಲ್ಲ. ಹಂಗೇರಿಯ ವ್ಯಕ್ತಿಯೊಬ್ಬ 1997ರ ತನ್ನ ಪ್ರವಾಸದ ಫೋಟೋಕ್ಕೆ ವಿಮಾನ ಅಂಟಿಸಿ ಗೆಳೆಯರನ್ನು ನಗಿಸಲು ಕಳುಹಿಸಿದ್ದನಂತೆ. ಸಾವಿರಾರು ಜನ ಸತ್ತ ವಾರಗಳಲ್ಲಿ ಅದು ನಗುವಾಗಲಿಲ್ಲ, ವದಂತಿಯಾಯಿತು. ಗುಟ್ಟು ಬಯಲಾದ ಮೇಲೆ ಜನ ಅದೇ ಪ್ರವಾಸಿಯನ್ನು ಕತ್ತರಿಸಿ ಮುಳುಗುತ್ತಿರುವ ಟೈಟಾನಿಕ್ ಹಡಗಿನ ಮುಂದೆಯೂ ನಿಲ್ಲಿಸಿದರು.

ಯಾರಿಗೂ ನೋವಾಗದ ನಗುವಿಗೆ 2021ರ ಜನವರಿ 20ರ ಉದಾಹರಣೆ ಕೊಡಬಹುದು. ಅಮೆರಿಕದ ಅಧ್ಯಕ್ಷರ ಪ್ರಮಾಣವಚನದ ದಿನ ಸೆನೆಟರ್ ಬರ್ನಿ ಸ್ಯಾಂಡರ್ಸ್ ಚಳಿಗೆ ಮುದುಡಿ, ದಪ್ಪ ಉಣ್ಣೆಯ ಕೈಗವಸು ತೊಟ್ಟು, ಮಡಚುವ ಕುರ್ಚಿಯಲ್ಲಿ ಒಬ್ಬರೇ ಕುಳಿತಿದ್ದರು. ಆ ಕೈಗವಸು ಹೊಲಿದವರು ವರ್ಮಾಂಟ್ ಪ್ರಾಂತದ ಒಬ್ಬ ಶಾಲಾ ಶಿಕ್ಷಕಿ ಎಂಬುದು ನನಗೆ ವಿಶೇಷ ಸಂತೋಷದ ವಿಷಯ. ಒಂದೆರಡು ದಿನಗಳಲ್ಲಿ ಲೋಕದ ಜನ ಅವರನ್ನು ಕುರ್ಚಿ ಸಮೇತ ಎತ್ತಿ ಹಳೆಯ ವರ್ಣಚಿತ್ರಗಳಲ್ಲಿ, ಸಿನಿಮಾ ದೃಶ್ಯಗಳಲ್ಲಿ, ತಮ್ಮ ತಮ್ಮ ಮನೆಯ ಅಂಗಳದಲ್ಲಿ ಕೂರಿಸಿದರು. ಆ ಚಿತ್ರವಿದ್ದ ಉಡುಪುಗಳನ್ನು ಮಾರಿ ಬಂದ ಹಣ ಸತ್ಕಾರ್ಯಕ್ಕೆ ಹೋಯಿತು. ಮೊಮ್ಮಗನಿಗೆ ನನ್ನ ಕುರ್ಚಿಯ ಉಪಾಯ ಎಲ್ಲಿಂದ ಬಂತೆಂದು ಈಗ ನಿಮಗೂ ತಿಳಿದಿರಬೇಕು.

ಇಷ್ಟೆಲ್ಲ ಓದಿ ಯೋಚಿಸಿದಾಗ ನನಗೆ ಕಂಡದ್ದು ಇಷ್ಟು. ನಗಿಸುವ ಕತ್ತರಿಯೂ ಅಳಿಸುವ ಕತ್ತರಿಯೂ ಒಂದೇ ಅಂಗಡಿಯವು. ನಗಿಸುವವನು ತಾನು ಕತ್ತರಿಸಿದ್ದು ನಮಗೆ ಕಾಣಲಿ ಎನ್ನುತ್ತಾನೆ, ಬಾತುಕೋಳಿಯ ಮೈ ಮನುಷ್ಯನದಲ್ಲ ಎಂದು ನಮಗೆ ಗೊತ್ತಿರುವುದರಿಂದಲೇ ನಗು ಬರುತ್ತದೆ. ಅಳಿಸುವವನಿಗೆ ಅಂಚು ಕಾಣಬಾರದು. ಇದು ಬಲ್ಲವರ ಮಾತಲ್ಲ, ಸ್ವಂತ ಅನುಭವದ ಮಾತು. ಟ್ರಂಕಿನ ಫೋಟೋ ಈಗ ತೆಗೆಯುತ್ತೇನೆ.

ಅದು 1964ರ ನಮ್ಮ ಎಸ್.ಎಸ್.ಎಲ್.ಸಿ. ತರಗತಿಯ ಗ್ರೂಪ್ ಫೋಟೋ. ಪೇಟೆಯಿಂದ ಬಂದ ಛಾಯಾಗ್ರಾಹಕರು ಮೂರು ಕಾಲಿನ ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ತೆಗೆದದ್ದು. ಹಿಂದಿನ ಸಾಲಿನಲ್ಲಿ, ಬೆಂಚಿನ ಮೇಲೆ, ನಾನೂ ನನ್ನ ಗೆಳೆಯನೂ ಅಕ್ಕಪಕ್ಕ ನಿಂತಿದ್ದೆವು. ಫೋಟೋ ಕೈಗೆ ಬರುವ ಹೊತ್ತಿಗೆ ನಮ್ಮಿಬ್ಬರಿಗೂ ಮಾತು ಬಿಟ್ಟಿತ್ತು. ಪೂರ್ವಭಾವಿ ಪರೀಕ್ಷೆಯಲ್ಲಿ ನಾನು ಅವನ ರೇಖಾಗಣಿತದ ಉತ್ತರ ನೋಡಿ ಬರೆದಿದ್ದೆ. ಮೇಷ್ಟರು ಕೇಳಿದಾಗ ಅವನು ಇದ್ದದ್ದನ್ನು ಹೇಳಿದ್ದ. ಎಲ್ಲರೆದುರು ನನಗೆ ಬೆತ್ತದ ಏಟು ಬಿದ್ದಿತ್ತು. ಫೋಟೋ ಮನೆಗೆ ತಂದ ರಾತ್ರಿ ಅಪ್ಪನ ಕ್ಷೌರದ ಬ್ಲೇಡು ತೆಗೆದುಕೊಂಡು, ಕಂದೀಲಿನ ಬೆಳಕಿನಲ್ಲಿ, ಅವನ ಮುಖವನ್ನು ಕೆರೆದು ಹಾಕಿದೆ. ಒಳಗಿನ ಬಿಳಿಯ ಕಾಗದ ಕಾಣುವವರೆಗೆ ಕೆರೆದೆ. ಪರೀಕ್ಷೆ ಮುಗಿದ ಮೇಲೆ ಅವನೇ ಬಂದು ಮಾತನಾಡಿಸಿದ, ನಾವು ಮತ್ತೆ ಗೆಳೆಯರಾದೆವು. ಫೋಟೋದ ಸಂಗತಿ ಅವನಿಗೆ ಹೇಳಲಿಲ್ಲ. ಅವನ ಮನೆಯಲ್ಲಿ ಪ್ರತಿ ಕೊಳ್ಳಲು ಹಣವಿರಲಿಲ್ಲವಾದ್ದರಿಂದ ಅವನು ಅದನ್ನು ನೋಡಿಯೇ ಇರಲಿಲ್ಲ. 1979ರಲ್ಲಿ ಜ್ವರ ಬಂದು ಅವನು ತೀರಿಕೊಂಡ. ಮಗಳಿಗೆ ಆಗ ಎರಡು ವರ್ಷ.

ಆ ಮಗಳು ಕಳೆದ ದೀಪಾವಳಿಯ ಬಳಿಕ ನಮ್ಮ ಮನೆಗೆ ಬಂದಿದ್ದಳು. ಮನೆಯಲ್ಲಿದ್ದ ಫೋಟೋಗಳೆಲ್ಲ ಹಿಂದೊಮ್ಮೆ ನೆರೆಯ ನೀರಿನಲ್ಲಿ ಹೋದುವಂತೆ. "ಮೇಷ್ಟ್ರೇ, ನಿಮ್ಮ ಹತ್ತಿರ ಅಪ್ಪನ ಒಂದು ಫೋಟೋ ಇರಬಹುದು ಅಂತ ಅಮ್ಮ ಹೇಳ್ತಿದ್ರು" ಎಂದಳು. ನಾನು ಟ್ರಂಕು ತೆರೆದೆ. ಸುಳ್ಳು ಹೇಳಬಹುದಿತ್ತು, ಗೆದ್ದಲು ತಿಂದಿತೆನ್ನಬಹುದಿತ್ತು. ಎಪ್ಪತ್ತು ದಾಟಿದ ಮೇಲೂ ಅದೇ ಹುಡುಗನಾಗಿ ಉಳಿಯಲು ನಾಚಿಕೆಯಾಯಿತು. "ಇದನ್ನು ಕೆರೆದವನು ನಾನೇ ಕಣಮ್ಮ" ಎಂದು ನಡೆದದ್ದೆಲ್ಲ ಹೇಳಿದೆ.

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ರಜೆಗೆ ಬಂದಿದ್ದ ಮೊಮ್ಮಗ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಒಳ್ಳೆಯ ಮನಸ್ಸಿನಿಂದಲೇ ಫೋಟೋವನ್ನು ಮೊಬೈಲಿಗೆ ಇಳಿಸಿಕೊಂಡ. ಖಾಲಿ ಜಾಗವನ್ನು ತಾನಾಗಿ ತುಂಬುವ ಸೌಲಭ್ಯ 2023ರಿಂದ ಫೋಟೋಶಾಪಿಗೂ ಬಂದಿದೆಯಲ್ಲ, ಅಂಥದೇ ಒಂದು ಉಪಾಯದಿಂದ ನಿಮಿಷಾರ್ಧದಲ್ಲಿ ಆ ಬಿಳಿ ಜಾಗದಲ್ಲಿ ಒಂದು ಮುಖ ಮೂಡಿಸಿದ. ಆಮೇಲೆ ಇನ್ನೊಂದು, ಮತ್ತೊಂದು. ಮೂವರೂ ಲಕ್ಷಣವಾದ ಹುಡುಗರೇ. ಅಂಚಿನಲ್ಲಿ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಅವಳು ಮೂರನ್ನೂ ನೋಡಿ ನನ್ನ ಕಡೆ ತಿರುಗಿದಳು. "ಇವರಲ್ಲಿ ಯಾರೂ ಅಪ್ಪ ಅಲ್ಲ, ಅಲ್ವಾ ಮೇಷ್ಟ್ರೇ?" ಎಂದಳು. ಅಲ್ಲವೆಂದೆ. ಮೊಮ್ಮಗ ತಲೆ ತಗ್ಗಿಸಿ ಮೂರನ್ನೂ ಅಳಿಸಿದ.

ಆಗ ಅವಳು ಮೂಲ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ನಿಮ್ಮ ಹೆಗಲ ಮೇಲೆ ಇರೋ ಕೈ ಯಾರದು?" ಎಂದು ಕೇಳಿದಳು. ಅಷ್ಟು ವರ್ಷಗಳಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಕೈಕಟ್ಟಿ ನಿಲ್ಲಬೇಕೆಂದು ಹೆಡ್ಮಾಸ್ಟರರು ಕಟ್ಟಪ್ಪಣೆ ಮಾಡಿದ್ದರು. ಛಾಯಾಗ್ರಾಹಕರು ಬಟ್ಟೆಯೊಳಗೆ ತಲೆ ಹಾಕಿದೊಡನೆ ಇವನು ನನ್ನ ಹೆಗಲ ಮೇಲೆ ಕೈ ಇಟ್ಟಿದ್ದ. ನನ್ನ ಬ್ಲೇಡು ಅಲ್ಲಿಯವರೆಗೆ ಹೋಗಿರಲಿಲ್ಲ. ಕಿರುಬೆರಳು ತುಸು ಡೊಂಕಾಗಿರುವುದು ಕೂಡ ಸ್ಪಷ್ಟವಾಗಿದೆ. ಅವಳು ತನ್ನ ಬಲಗೈಯ ಕಿರುಬೆರಳನ್ನು ಚಾಚಿ ಅದರ ಪಕ್ಕದಲ್ಲಿ ಇಟ್ಟು ನೋಡಿದಳು. ಆಮೇಲೆ ಸಂಜೆಯವರೆಗೆ ಅವಳಪ್ಪ ಹೇಗೆ ನಗುತ್ತಿದ್ದ, ಹೇಗೆ ಈಜುತ್ತಿದ್ದ, ಸುಳ್ಳು ಹೇಳಲು ಹೇಗೆ ಬರುತ್ತಲೇ ಇರಲಿಲ್ಲ ಎಂದು ಹೇಳುತ್ತ ಕುಳಿತೆ. ಹೋಗುವಾಗ ಆ ಫೋಟೋದ ಪ್ರತಿಯನ್ನು ಇದ್ದಂತೆಯೇ, ಬಿಳಿ ಕಲೆ ಸಮೇತ, ಮಾಡಿಸಿಕೊಂಡು ಹೋದಳು.

ಮೊಮ್ಮಗನಿಗೆ ಹೇಳಿದ್ದೇನೆ. ನನ್ನನ್ನು ಚಂದ್ರಲೋಕಕ್ಕಾದರೂ ಕಳುಹಿಸು, ಬಾತುಕೋಳಿಯನ್ನಾದರೂ ಮಾಡು, ಆದರೆ ಜಗಲಿಯ ಮೂಲ ಚಿತ್ರವನ್ನು ಮಾತ್ರ ಬೇರೆಯಾಗಿ ಇಟ್ಟುಕೋ ಎಂದು. ಇಟ್ಟಿದ್ದಾನಂತೆ.

ಆ ಫೋಟೋದ ಪ್ರತಿಗಳನ್ನು ಅಂದು ಇನ್ನೂ ಕೆಲವರು ಕೊಂಡಿದ್ದರು. ನಮ್ಮ 1964ರ ತರಗತಿಯವರು, ಅಥವಾ ಅವರ ಮಕ್ಕಳು, ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಹಳೆಯ ಪೆಟ್ಟಿಗೆಗಳಲ್ಲಿ ಒಮ್ಮೆ ಹುಡುಕಿ ನೋಡಿ. 1964, ನಡುವೆ ಹಾರ ಹಾಕಿಕೊಂಡ ಹೆಡ್ಮಾಸ್ಟರರು, ಹಿಂದಿನ ಸಾಲಿನಲ್ಲಿ ಬಲಗಡೆಯಿಂದ ಮೂರನೆಯವನು. ಅವನ ಕೈ ಪಕ್ಕದವನ ಹೆಗಲ ಮೇಲಿದೆ. ಸಿಕ್ಕಿದರೆ ನನಗೆ ತಿಳಿಸಿ.